ರಿಮೋಟ್ ಏರೋಪ್ಲೇನ್ ಚಿಟ್ಟೆ ನೆಟ್ಟಗೆ ಹಾರದಿದ್ದರೆ: ದೋಷ ಹುಡುಕುವ ಕ್ರಮ

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಈ ಸಲದ ಸಂಕ್ರಮಣಕ್ಕೆ ನನ್ನ ಅಣ್ಣನ ಮಗ ರೆಕ್ಕೆ ಬಡಿದು ಹಾರುವ ಒಂದು ರಿಮೋಟ್ ಆಟಿಕೆಯನ್ನು ಕೊಂಡು ತಂದ. ಚಿಕ್ಕಂದಿನಲ್ಲಿ ನಾವು ಕೆರೆದಂಡೆಯ ಹುಲ್ಲಿನಲ್ಲಿ ಬೆನ್ನಟ್ಟಿ ಹಿಡಿಯುತ್ತಿದ್ದ ಏರೋಪ್ಲೇನ್ ಚಿಟ್ಟೆಯ ಆಕಾರ ಅದರದ್ದು. ಎರಡು ದಿನ ಚೆನ್ನಾಗಿಯೇ ಹಾರಿತು. ಮೂರನೆಯ ದಿನ ಮಾಳಿಗೆಯ ಮೇಲಿಂದ ಬಿಟ್ಟಾಗ ನೀರಿನ ಟ್ಯಾಂಕಿಗೆ ಬಡಿದು ಬಿತ್ತು. ಅಂದಿನಿಂದ ಎಷ್ಟು ಸಲ ಬಿಟ್ಟರೂ ಬಲಕ್ಕೆ ಸುತ್ತು ಹಾಕುತ್ತ ನೆಲಕ್ಕೆ ಇಳಿಯತೊಡಗಿತು.

"ಕಾಕಾ, ಬರೇ ಬಲಕ್ಕ ತಿರಗಿ ಬೀಳಾಕತ್ತೈತಿ. ಮೋಟಾರ್ ಹೋಗೇತಿ ಅಂತ ಕಾಣತೈತಿ" ಎಂದು ಅವನು ತಂದುಕೊಟ್ಟ.

"ಮೋಟಾರ್ ಹೋಗಿದ್ರ ತಿರಗೂದಿಲ್ಲಪಾ, ಏಳೂದs ಇಲ್ಲ" ಎಂದೆ.

ಆ ಉತ್ತರದ ಹಿಂದಿನ ಕಾರಣವನ್ನು ಅವನಿಗೆ ಬಿಡಿಸಿ ಹೇಳಲು ಒಂದು ಇಡೀ ಭಾನುವಾರ ಹಿಡಿಯಿತು. ಇಂತಹ ಆಟಿಕೆಯನ್ನು ಮನೆಗೆ ತಂದು, ಹಾರಿಸಲು ಕಲಿಯುತ್ತಲೇ ಕೆಡಿಸಿಕೊಂಡು, ಕೆಟ್ಟದ್ದು ಯಂತ್ರವೋ ತಮ್ಮ ಕೈಯೋ ಎಂದು ತಿಳಿಯದೆ ಕುಳಿತವರಿಗೆ ಉಪಯೋಗವಾಗಲೆಂದು ಅದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಒಳಗೇನಿದೆ ಎಂಬುದು ಮೊದಲು ಗೊತ್ತಿರಬೇಕು

ಈ ಬಗೆಯ ಆಟಿಕೆಯ ಮೈ ಹಗುರವಾದ ಫೋಮಿನದು. ತಲೆಯ ಹಿಂದೆ ಒಂದು ಪುಟ್ಟ ಮೋಟಾರ್ ಇರುತ್ತದೆ. ಅದರ ಬಿರುಸಾದ ಸುತ್ತುವಿಕೆಯನ್ನು ಪ್ಲಾಸ್ಟಿಕ್ಕಿನ ಹಲ್ಲುಗಾಲಿಗಳು ನಿಧಾನಗೊಳಿಸುತ್ತವೆ, ಕೊನೆಯ ಗಾಲಿಗೆ ಅಂಟಿದ ಕಡ್ಡಿಗಳು ಆ ಸುತ್ತುವಿಕೆಯನ್ನು ರೆಕ್ಕೆಯ ಬಡಿತವಾಗಿ ಬದಲಿಸುತ್ತವೆ. ಎಡಕ್ಕೆ ಎರಡು, ಬಲಕ್ಕೆ ಎರಡು ರೆಕ್ಕೆ. ಒಂದೊಂದು ಬದಿಯ ಎರಡು ರೆಕ್ಕೆಗಳೂ ಕತ್ತರಿಯಂತೆ ತೆರೆದು ಮುಚ್ಚುತ್ತವೆ. ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುವುದರಿಂದ ಮೈ ಕುಲುಕುವುದಿಲ್ಲ. ರೆಕ್ಕೆಯ ಮುಂದಿನ ಅಂಚಿನಲ್ಲಿ ಗಟ್ಟಿಯಾದ ಕಾರ್ಬನ್ ಕಡ್ಡಿ, ಅದರ ಹಿಂದೆ ತೆಳುವಾದ ಪೊರೆ. ಕಡ್ಡಿ ಮುಂದಾಗಿ ಚಲಿಸಿ ಪೊರೆ ಅದರ ಹಿಂದೆ ಬಾಗುತ್ತ ಬರುವಾಗ ಗಾಳಿ ಹಿಂದಕ್ಕೆ ತಳ್ಳಲ್ಪಡುತ್ತದೆ, ಹುಳ ಮುಂದಕ್ಕೆ ಸಾಗುತ್ತದೆ. ಬಾಲದಲ್ಲಿ ಉಗುರಿನಷ್ಟು ದೊಡ್ಡ ಫ್ಯಾನ್ ಒಂದಿದ್ದು, ಅದು ಒಂದು ದಿಕ್ಕಿಗೆ ತಿರುಗಿದರೆ ಎಡಕ್ಕೆ, ಇನ್ನೊಂದು ದಿಕ್ಕಿಗೆ ತಿರುಗಿದರೆ ಬಲಕ್ಕೆ ಹೊರಳಿಸುತ್ತದೆ.

ನಿಜವಾದ ಏರೋಪ್ಲೇನ್ ಚಿಟ್ಟೆಗೆ ನಾಲ್ಕೂ ರೆಕ್ಕೆಗಳಿಗೆ ಬೇರೆಬೇರೆ ಸ್ನಾಯುಗಳಿವೆ, ಆದ್ದರಿಂದ ಅದು ಒಂದನ್ನು ಜೋರಾಗಿ, ಇನ್ನೊಂದನ್ನು ಮೆಲ್ಲಗೆ ಬಡಿಯಬಲ್ಲದು. ಆಟಿಕೆಯ ನಾಲ್ಕೂ ರೆಕ್ಕೆಗಳಿಗೆ ಇರುವುದು ಒಂದೇ ಮೋಟಾರ್. ಅದು ಸೊರಗಿದರೆ ಎಡಬಲ ಎರಡೂ ಸಮನಾಗಿ ಸೊರಗುತ್ತವೆ, ಹುಳ ನೆಟ್ಟಗಿದ್ದುಕೊಂಡೇ ಕೆಳಗಿಳಿಯುತ್ತದೆ. ಹಾಗಾದರೆ ಒಂದೇ ಬದಿಗೆ ತಿರುಗುವ ಹುಳದ ದೋಷ ಬ್ಯಾಟರಿಯಲ್ಲೂ ಇರುವುದಿಲ್ಲ, ಮೋಟಾರಿನಲ್ಲೂ ಇರುವುದಿಲ್ಲ. ರೆಕ್ಕೆ, ಬಾಲ ಅಥವಾ ಮೈಯ ಸೊಟ್ಟಿನಲ್ಲಿ ಹುಡುಕಬೇಕು. ಎತ್ತರವೇ ಸಿಗದ ಹುಳದ ದೋಷವನ್ನು ಬ್ಯಾಟರಿ, ಮೋಟಾರ್, ಹಲ್ಲುಗಾಲಿ, ಭಾರ ಮತ್ತು ಗಾಳಿ ಇವುಗಳಲ್ಲಿ ಹುಡುಕಬೇಕು. ಈ ಎರಡು ದಾರಿಗಳನ್ನು ಬೆರೆಸಿಕೊಂಡವರು ಸುಮ್ಮನೆ ಮೋಟಾರ್ ಬಿಚ್ಚಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ.

ಬಿಚ್ಚುವ ಮೊದಲು ಐದು ಸಲ ಬಿಡಿ

ಫ್ಯಾನ್ ನಿಲ್ಲಿಸಿದ, ಕಿಟಕಿ ಮುಚ್ಚಿದ ಒಂದು ದೊಡ್ಡ ಕೋಣೆ ಬೇಕು. ಮದುವೆಯ ಹಾಲ್ ಅಥವಾ ಶಾಲೆಯ ಸಭಾಂಗಣ ಸಿಕ್ಕರೆ ಇನ್ನೂ ಒಳ್ಳೆಯದು. ತುದಿಯಲ್ಲಿ ಒಂದು ಗಾದಿ ಹಾಸಿ, ಪೂರ್ತಿ ಚಾರ್ಜ್ ಆದ ಹುಳವನ್ನು ಒಂದೇ ಜಾಗದಿಂದ, ಒಂದೇ ಎತ್ತರದಿಂದ, ರಿಮೋಟಿನ ಮೇಲಿನ, ಹುಳವನ್ನು ಎಡಬಲಕ್ಕೆ ತಿರುಗಿಸುವ ಕೋಲನ್ನು ಮುಟ್ಟದೆ ಐದು ಸಲ ಬಿಡಬೇಕು. ಪ್ರತಿ ಸಲ ಏನಾಯಿತೆಂಬುದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ನೆನಪಿನ ಮೇಲೆ ಬಿಡಬಾರದು, ಏಕೆಂದರೆ ಬೇಸರದಲ್ಲಿರುವ ಮನಸ್ಸು ಕೊನೆಯ ಬೀಳುವಿಕೆಯನ್ನಷ್ಟೇ ನೆನಪಿಡುತ್ತದೆ. ಐದರಲ್ಲಿ ಐದೂ ಸಲ ಒಂದೇ ರೀತಿ ತಪ್ಪಿದರೆ ದೋಷ ಯಂತ್ರದ್ದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನೆಟ್ಟಗೆ ಹೋದರೆ ಅದು ಬಿಡುವ ಕೈಯದ್ದು. ಮನೆಯೊಳಗೆ ಸರಿಯಾಗಿ ಹಾರಿ ಬಯಲಿನಲ್ಲಿ ಮಾತ್ರ ಕೆಡುತ್ತಿದ್ದರೆ ಗಾಳಿಯದ್ದು. ಹುಡುಗನ ಚಿಟ್ಟೆ ಐದೂ ಸಲ ಬಲಕ್ಕೆ ತಿರುಗಿತು. ಮೊದಲ ಸಲ ಗಾದಿಯಿಂದ ಎರಡು ಮಾರು ದೂರ ಬಿದ್ದರೆ ಕೊನೆಯ ಸಲ ಮೂರು ಮಾರು, ವ್ಯತ್ಯಾಸ ಅಷ್ಟೇ.

ಕಲಿಯುವ ಕೈಯ ತಪ್ಪುಗಳು

ಯಂತ್ರದ ಮಾತಿಗೆ ಹೋಗುವ ಮೊದಲು ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ದೋಷವೆಂದು ಹೇಳುವುದರಲ್ಲಿ ಬಹುಪಾಲು ಇಲ್ಲಿಯೇ ಇರುತ್ತದೆ. ಹುಳವನ್ನು ಕಲ್ಲು ಒಗೆದಂತೆ ಮೇಲಕ್ಕೆ ಎಸೆಯಬಾರದು. ಮೇಲಕ್ಕೆ ಎಸೆದರೆ ಅದು ತಲೆಯೆತ್ತಿ ವೇಗ ಕಳೆದುಕೊಂಡು, ಒಂದು ಕ್ಷಣ ನಿಂತಂತಾಗಿ ಬಾಲದ ಕಡೆಗೆ ಜಾರಿ ಬೀಳುತ್ತದೆ, ನೋಡುವವರಿಗೆ ಶಕ್ತಿ ಸಾಲಲಿಲ್ಲವೆಂದು ಅನಿಸುತ್ತದೆ. ಮೈಯನ್ನು ಹೊಟ್ಟೆಯ ಕೆಳಗೆ ಎರಡು ಬೆರಳಿನಿಂದ ಹಿಡಿದು, ರೆಕ್ಕೆ ಪೂರ್ತಿ ವೇಗಕ್ಕೆ ಬರುವವರೆಗೆ ಎಣಿಸಿ, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ, ನೆಲಕ್ಕೆ ಸಮನಾಗಿ ಮುಂದಕ್ಕೆ ತಳ್ಳಿ ಬಿಡಬೇಕು. ತಾಟಿನಲ್ಲಿದ್ದ ಊಟವನ್ನು ಚೆಲ್ಲದೆ ಇನ್ನೊಬ್ಬರ ಕಡೆ ಸರಿಸಿದಷ್ಟೇ ಬಲ ಸಾಕು.

ಎರಡನೆಯ ತಪ್ಪು ಎಡಬಲದ್ದು. ಹುಳ ನಮ್ಮಿಂದ ದೂರ ಹೋಗುವಾಗ ಅದರ ಬಲ ನಮ್ಮ ಬಲವೇ. ಅದು ತಿರುಗಿ ನಮ್ಮ ಕಡೆ ಬರುವಾಗ ಅದರ ಬಲ ನಮ್ಮ ಎಡವಾಗುತ್ತದೆ. ಹೊಸಬರು ಆ ಹೊತ್ತಿಗೆ ಗಾಬರಿಯಾಗಿ ಕೋಲನ್ನು ತದ್ವಿರುದ್ಧ ಒತ್ತುತ್ತಾರೆ, ಹುಳ ಇನ್ನಷ್ಟು ಬಿಗಿಯಾಗಿ ಸುತ್ತಿ ಬೀಳುತ್ತದೆ. ಇದಕ್ಕೆ ಸುಲಭದ ಉಪಾಯವೆಂದರೆ, ಅದು ಎದುರಿಗೆ ಬರುವಾಗ ನಮ್ಮ ಮೈಯನ್ನು ಅದು ಹೋಗುವ ದಿಕ್ಕಿಗೆ ತಿರುಗಿಸಿಕೊಂಡು, ಭುಜದ ಮೇಲಿಂದ ಹಿಂದಿರುಗಿ ನೋಡುತ್ತ ನಡೆಸುವುದು. ನಾಲ್ಕು ದಿನ ಹೀಗೆ ಮಾಡಿದರೆ ಆಮೇಲೆ ಮೈ ತಿರುಗಿಸುವ ಅಗತ್ಯ ಬೀಳುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಗೋಡೆಗೆ ಬಡಿಯುವುದು ಖಚಿತವಾದಾಗ ಶಕ್ತಿಯ ಕೋಲನ್ನು ಸೊನ್ನೆಗೆ ಇಳಿಸಲೇಬೇಕು. ಬಡಿತದಿಂದ ಆಗುವ ಹಾನಿ ಕಡಿಮೆ, ಹುಳದ ತೂಕವೇ ಅಷ್ಟು ಹಗುರ. ರೆಕ್ಕೆ ಸಿಕ್ಕಿಕೊಂಡಿದ್ದಾಗಲೂ ಮೋಟಾರ್ ತಿರುಗುತ್ತಲೇ ಇದ್ದರೆ ಹಲ್ಲುಗಾಲಿಯ ಹಲ್ಲು ಸವೆಯುತ್ತದೆ, ಮೋಟಾರ್ ಸುಡುತ್ತದೆ.

ಜಾಗ ಮತ್ತು ಹೊತ್ತು

ವಿಜಯಪುರದ ಬಯಲಿನ ಗಾಳಿ ಹೊತ್ತಿನ ಮೇಲೆ ಬದಲಾಗುತ್ತದೆ. ಹಾರಿಸುವ ಮೊದಲು ಒಂದು ಊದಿನಕಡ್ಡಿ ಹಚ್ಚಿ ಹಿಡಿಯಿರಿ. ಹೊಗೆ ನೆಟ್ಟಗೆ ಏರಿದರೆ ಗಾಳಿ ಇಲ್ಲವೆಂದೇ ಲೆಕ್ಕ. ಹೊಗೆ ಬಾಗಿ ಹೊರಟರೂ ಬೇವಿನ ಎಲೆ ಅಲುಗದಿದ್ದರೆ ಗಂಟೆಗೆ 5 ಕಿಲೋಮೀಟರ್ ಒಳಗಿನ ಗಾಳಿ, ಕಲಿತವರಿಗೆ ಅಡ್ಡಿಯಿಲ್ಲ. ಎಲೆ ಸರಸರ ಎನ್ನತೊಡಗಿದರೆ ಗಾಳಿ ಗಂಟೆಗೆ 6 ಕಿಲೋಮೀಟರ್ ದಾಟಿದೆ, ಹೊಸಬರು ಹುಳವನ್ನು ಡಬ್ಬಿಯಲ್ಲಿ ಇಡುವುದು ಒಳ್ಳೆಯದು. ಬಿಸಿಲೇರಿ ಕರಿ ಮಣ್ಣು ಕಾದ ಮೇಲೆ ಸುಳಿಗಾಳಿ ಏಳುತ್ತದೆ, ಅದರಲ್ಲಿ ಯಾವ ಹುಳವೂ ನೆಟ್ಟಗೆ ಹಾರದು. ಮಾಳಿಗೆ ಇನ್ನೂ ಕೆಟ್ಟ ಜಾಗ, ಏಕೆಂದರೆ ಗೋಡೆ ದಾಟಿ ಬರುವ ಗಾಳಿ ಅಂಚಿನಲ್ಲಿ ಮುರಿದು ಒಳಗೆ ಸುತ್ತುತ್ತದೆ. ಗೋಳಗುಮ್ಮಟದ ಸುತ್ತಲಿನ ಹುಲ್ಲುಹಾಸು ಎಷ್ಟೇ ಆಸೆ ಹುಟ್ಟಿಸಿದರೂ ಅದು ಸಂರಕ್ಷಿತ ಸ್ಮಾರಕದ ಆವರಣ. ಅನುಮತಿಯಿಲ್ಲದೆ ಅಲ್ಲಿ ಹಾರಿಸುವ ಯೋಚನೆ ಬೇಡ.

ಕಾವಿನದ್ದೂ ಒಂದು ಲೆಕ್ಕವಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಆದ್ದರಿಂದ ಇಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಶೇ. 7ರಷ್ಟು ಕಡಿಮೆ. ಅದರ ಮೇಲೆ, 15 ಡಿಗ್ರಿಯ ಚಳಿಗಾಲದ ಬೆಳಗಿಗಿಂತ 40 ಡಿಗ್ರಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಗಾಳಿಯ ಸಾಂದ್ರತೆ ಇನ್ನೂ ಶೇ. 8ರಷ್ಟು ಇಳಿಯುತ್ತದೆ. ರೆಕ್ಕೆ ಅದೇ ವೇಗದಲ್ಲಿ ಬಡಿದರೂ ತಳ್ಳಲು ಸಿಗುವ ಗಾಳಿಯೇ ಅಷ್ಟು ಕಡಿಮೆ. ಜನವರಿಯಲ್ಲಿ ತಲೆಯ ಮೇಲೆ ಹಾರಿದ ಹುಳ ಬೇಸಿಗೆ ರಜೆಯಲ್ಲಿ ಮೊಣಕಾಲಿನ ಮಟ್ಟದಲ್ಲಿಯೇ ತೆವಳಿದರೆ ಗಾಬರಿಯಾಗದೆ, ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಇನ್ನೊಮ್ಮೆ ಬಿಟ್ಟು ನೋಡಿ.

ಒಂದೇ ಬದಿಗೆ ತಿರುಗುವ ದೋಷ

ಮೊದಲು ಮೋಟಾರ್ ಬಂದ್ ಮಾಡಿ, ಭುಜದ ಎತ್ತರದಿಂದ ಗಾದಿಯ ಕಡೆ ಮೆಲ್ಲಗೆ ತೇಲಿಬಿಡಿ. ಸರಿಯಿರುವ ಹುಳ ಒಂದೆರಡು ಮೀಟರ್ ಮುಂದೆ ಸಾಗುತ್ತ ಇಳಿಯುತ್ತದೆ. ಬಂದ್ ಇದ್ದಾಗಲೂ ಒಂದೇ ಬದಿಗೆ ತಿರುಗಿದರೆ ಮೈ ಅಥವಾ ಬಾಲ ಸೊಟ್ಟಗಾಗಿದೆ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಬಾಲದ ತಿರುಚು ಕಾಣುತ್ತದೆ. ಬಂದ್ ಇದ್ದಾಗ ನೆಟ್ಟಗೆ ತೇಲಿ, ರೆಕ್ಕೆ ಬಡಿದಾಗ ಮಾತ್ರ ತಿರುಗಿದರೆ ದೋಷ ಬಾಲದ ಫ್ಯಾನಿನಲ್ಲಿ ಅಥವಾ ರೆಕ್ಕೆಯಲ್ಲಿ. ಹುಡುಗನ ಚಿಟ್ಟೆ ನೆಟ್ಟಗೆ ತೇಲಿತು.

ಇನ್ನು ಫ್ಯಾನ್. ಹುಳವನ್ನು ಕೈಯಲ್ಲಿ ಹಿಡಿದು, ತಿರುಗಿಸುವ ಕೋಲನ್ನು ಮುಟ್ಟದೆ ರೆಕ್ಕೆ ಬಡಿಸಿ. ಬಾಲದ ಫ್ಯಾನ್ ಆಗ ಸುಮ್ಮನಿರಬೇಕು. ತಾನಾಗಿಯೇ ಸುತ್ತುತ್ತಿದ್ದರೆ ರಿಮೋಟಿನ ಟ್ರಿಮ್ ಗುಂಡಿ, ಅಂದರೆ ಹುಳ ನೆಟ್ಟಗೆ ಹೋಗುವಂತೆ ಎಡಬಲವನ್ನು ತುಸು ಹೊಂದಿಸುವ ಗುಂಡಿ, ಒಂದು ಬದಿಗೆ ಸರಿದಿರುತ್ತದೆ, ಅದನ್ನು ನಡುವಿಗೆ ತನ್ನಿ. ಒಂದು ದಿಕ್ಕಿಗೆ ಚುರುಕಾಗಿ, ಇನ್ನೊಂದಕ್ಕೆ ಮಂದವಾಗಿ ತಿರುಗಿದರೆ ಫ್ಯಾನಿನ ದಂಡಕ್ಕೆ ಕೂದಲು ಸುತ್ತಿರಬಹುದು. ಸೂಜಿಯ ಮೊನೆಯಿಂದ ಎಳೆದು ತೆಗೆಯಬೇಕು. ಸುತ್ತುವುದೇ ಇಲ್ಲವಾದರೆ ಬಾಲದುದ್ದಕ್ಕೂ ಹೋಗುವ ಕೂದಲೆಳೆಯಂತಹ ತಂತಿ ಎಲ್ಲೋ ತುಂಡಾಗಿರುತ್ತದೆ, ಹೆಚ್ಚಾಗಿ ಬಾಲ ಮೈಗೆ ಸೇರುವ ಜಾಗದಲ್ಲಿ.

ಅತಿಗೆಂಪು ಕಿರಣದ ರಿಮೋಟ್ ಇರುವ ಆಟಿಕೆಗಳು ಬಿಸಿಲಿನಲ್ಲಿ ಆಜ್ಞೆಯನ್ನೇ ಕೇಳುವುದಿಲ್ಲ, ಸೂರ್ಯನ ಬೆಳಕಿನಲ್ಲಿಯೂ ಆ ಕಿರಣ ಹೇರಳವಾಗಿರುವುದರಿಂದ ಹುಳದ ಕಣ್ಣು ಕಕ್ಕಾಬಿಕ್ಕಿಯಾಗುತ್ತದೆ. ರಿಮೋಟಿನ ಮುಂಭಾಗದ ಬಲ್ಬನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ. ತೆಳು ನೇರಳೆ ಬೆಳಕು ಮಿನುಗಿದರೆ ನಿಮ್ಮದು ಆ ಬಗೆಯದ್ದು, ಮತ್ತು ರಿಮೋಟ್ ಸರಿಯಿದೆ. ಅದನ್ನು ನೆರಳಿನಲ್ಲಿ, ಮನೆಯೊಳಗೆ ಹಾರಿಸಿ. 2.4 ಗಿಗಾಹರ್ಟ್ಜ್ ರೇಡಿಯೊ ರಿಮೋಟಿಗೆ ಬಿಸಿಲಿನ ಈ ತೊಂದರೆಯಿಲ್ಲ.

ಉಳಿದದ್ದು ರೆಕ್ಕೆ. ಹುಡುಗ ಮೊದಲೇ ನೋಡಿ "ಹರದಿಲ್ಲ ಕಾಕಾ, ಎಲ್ಲಾ ಸರಿ ಐತಿ" ಎಂದಿದ್ದ. ಅವನು ನೋಡಿದ್ದು ನಿಂತ ರೆಕ್ಕೆಯನ್ನು. ರೆಕ್ಕೆಯನ್ನು ಚಲನೆಯಲ್ಲಿ, ಆದರೆ ಬಹಳ ನಿಧಾನದ ಚಲನೆಯಲ್ಲಿ ನೋಡಬೇಕು. ಬ್ಯಾಟರಿ ಬಂದ್ ಮಾಡಿ, ಹುಳದ ಹಿಂದೆ ಮೇಜಿನ ದೀಪ ಹಚ್ಚಿಟ್ಟು, ದೊಡ್ಡ ಹಲ್ಲುಗಾಲಿಯನ್ನು ಹೆಬ್ಬೆರಳಿನಿಂದ ಒಂದೊಂದೇ ಹಲ್ಲು ಮುಂದೆ ಸರಿಸಿದೆ. ಎಡಗಡೆಯ ಎರಡು ಪೊರೆಗಳೂ ತೆರೆಯುವಾಗ ಒಂದೇ ಬಗೆಯಲ್ಲಿ ಬಿಗಿದು, ಮುಚ್ಚುವಾಗ ಒಂದೇ ಬಗೆಯಲ್ಲಿ ಸಡಿಲಾದವು. ಬಲಗಡೆಯ ಕೆಳರೆಕ್ಕೆಯಲ್ಲಿ ಮಾತ್ರ, ಅದು ಪೂರ್ತಿ ತೆರೆದ ಗಳಿಗೆಯಲ್ಲಿ, ಮೈಯ ಹತ್ತಿರದಿಂದ ಹಿಂದಿನ ಅಂಚಿನವರೆಗೆ ಓರೆಯಾದ ಒಂದು ಮಡಿಕೆ ಮೂಡಿತು. ದೀಪದ ಬೆಳಕು ಆ ಮಡಿಕೆಯ ಮೇಲೆ ಬೆಳ್ಳಿಗೆರೆಯಂತೆ ಹೊಳೆಯಿತು. ಗಾಲಿ ಇನ್ನೆರಡು ಹಲ್ಲು ಮುಂದೆ ಹೋದಾಗ ಮಡಿಕೆ ಮಾಯವಾಯಿತು. ಪೊರೆಯನ್ನು ಮೈಗೆ ಕಚ್ಚಿಸಿದ ಪ್ಲಾಸ್ಟಿಕ್ ಕೊಕ್ಕೆಯಿಂದ ಅದು ಮೂರು ಮಿಲಿಮೀಟರಿನಷ್ಟು ಜಾರಿ ಹೊರಬಂದಿತ್ತು. ಸಡಿಲಾದ ಪೊರೆ ಗಾಳಿಯನ್ನು ಹಿಂದಕ್ಕೆ ತಳ್ಳದೆ ಸುಮ್ಮನೆ ಉಬ್ಬಿ ಬಿಡುತ್ತದೆ, ಆ ಬದಿಯ ನೂಕು ಕಡಿಮೆಯಾಗುತ್ತದೆ, ಹುಳ ದುರ್ಬಲವಾದ ಬದಿಗೇ ತಿರುಗುತ್ತದೆ. ಟ್ಯಾಂಕಿಗೆ ಬಡಿದದ್ದು ಬಲರೆಕ್ಕೆಯೇ.

ಪೊರೆಯನ್ನು ಚಿಮಟದಿಂದ ಮೊದಲಿನ ಗುರುತಿನವರೆಗೆ ಎಳೆದು ಕೊಕ್ಕೆಯೊಳಗೆ ಕೂರಿಸಿ, ಗುಂಡುಸೂಜಿಯ ತುದಿಯಿಂದ ಫೆವಿಕ್ವಿಕ್‌ನ ಒಂದೇ ಒಂದು ಚುಕ್ಕೆ ಇಟ್ಟೆ. ಅಂಟು ಪೊರೆಯ ಮೇಲೆ ಹರಿದರೆ ಅಲ್ಲಿ ಬಿರುಸಾಗಿ ಮುಂದೆ ಸೀಳುತ್ತದೆ, ಆದ್ದರಿಂದ ಟ್ಯೂಬಿನಿಂದ ನೇರವಾಗಿ ಹಾಕಬೇಡಿ. ಎಡಗಡೆಗಿಂತ ಹೆಚ್ಚು ಬಿಗಿಯಾಗಿ ಎಳೆಯುವುದೂ ತಪ್ಪು. ಪೊರೆಗೆ ಬಾಗುವ ಅವಕಾಶವಿದ್ದರೇ ನೂಕು ಹುಟ್ಟುತ್ತದೆ. ಪೊರೆ ಹರಿದಿದ್ದರೆ ತೆಳುವಾದ ಪಾರದರ್ಶಕ ಟೇಪಿನ ಚಿಕ್ಕ ತುಣುಕು ಹಚ್ಚಿ, ಎದುರುಬದಿಯ ರೆಕ್ಕೆಯ ಅದೇ ಜಾಗಕ್ಕೆ ಅಷ್ಟೇ ಅಳತೆಯ ತುಣುಕು ಹಚ್ಚಬೇಕು, ಇಲ್ಲದಿದ್ದರೆ ದುರಸ್ತಿಯೇ ಹೊಸ ದೋಷವಾಗುತ್ತದೆ. ಪಾರ್ಸೆಲ್ ಕಟ್ಟುವ ಕಂದು ಟೇಪು ಇಲ್ಲಿ ಕಲ್ಲಿನಷ್ಟು ಭಾರ. ಕಾರ್ಬನ್ ಕಡ್ಡಿಯೇ ಸೀಳಿದ್ದರೆ ಅಂಟಿಸಿ ಫಲವಿಲ್ಲ, ರೆಕ್ಕೆ ಬದಲಿಸಬೇಕು. ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿದಾಗ ಚಿಟಿಚಿಟಿ ಸದ್ದು ಬಂದರೆ ಸೀಳಿದೆಯೆಂದು ತಿಳಿಯಿರಿ.

ಎತ್ತರ ಸಿಗದ ದೋಷ

ರೆಕ್ಕೆ ಸರಿಹೋದ ಮೇಲೆ ಚಿಟ್ಟೆ ನೆಟ್ಟಗೆ ಹಾರಿತು, ಆದರೆ ಸೊಂಟದ ಎತ್ತರ ದಾಟಲಿಲ್ಲ. ಈಗ ಎರಡನೆಯ ದಾರಿಯಲ್ಲಿ ಹುಡುಕಬೇಕಾಯಿತು. ಒಂದು ಆಟಿಕೆಯಲ್ಲಿ ಎರಡು ದೋಷ ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಈ ಹುಳಗಳ ಬ್ಯಾಟರಿ ಒಂದೇ ಕೋಶದ ಲಿಥಿಯಂ ಪಾಲಿಮರ್ ಬಗೆಯದು. ಹೆಸರಿಗೆ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2 ವೋಲ್ಟ್, 3 ವೋಲ್ಟಿಗಿಂತ ಕೆಳಗೆ ಇಳಿಸಿದರೆ ಕೋಶ ಕೆಡುತ್ತದೆ. ಹುಡುಗನ ಚಿಟ್ಟೆಯದು 70 ಮಿಲಿಆಂಪಿಯರ್-ಅವರ್. ಅಷ್ಟನ್ನೂ ಐದು ನಿಮಿಷದಲ್ಲಿ ಖರ್ಚು ಮಾಡುತ್ತದೆಂದರೆ ಸರಾಸರಿ 0.84 ಆಂಪಿಯರ್ ಹರಿಯುತ್ತದೆ. ಬ್ಯಾಟರಿಯ ತಂತಿಯನ್ನು ಸೇರಿಸುವ ಪ್ಲಗ್ಗಿನಲ್ಲಿ ಧೂಳು ಕೂತು ಅರ್ಧ ಓಮ್ ತಡೆ ಹುಟ್ಟಿದರೂ 0.42 ವೋಲ್ಟ್ ಅಲ್ಲಿಯೇ ಸೋರಿಹೋಗುತ್ತದೆ, ತುಂಬಿದ ಬ್ಯಾಟರಿಯ ಹತ್ತನೆಯ ಒಂದು ಪಾಲು. ಹುಳ ಏಳದಿರಲು ಅಷ್ಟೇ ಸಾಕು.

ಆದ್ದರಿಂದ ಸುಮ್ಮನಿದ್ದ ಬ್ಯಾಟರಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಚ್ಚಿ 4.1 ತೋರಿಸಿತೆಂದು ಸಮಾಧಾನಪಡಬಾರದು. ಒಬ್ಬರು ಹುಳವನ್ನು ಹಿಡಿದು ರೆಕ್ಕೆಯನ್ನು ಪೂರ್ತಿ ವೇಗದಲ್ಲಿ ಬಡಿಸುತ್ತಿರುವಾಗ ಇನ್ನೊಬ್ಬರು ಅಳೆಯಬೇಕು: ಮೊದಲು ಪ್ಲಗ್ಗಿನ ಬ್ಯಾಟರಿ ಬದಿಯಲ್ಲಿ, ಆಮೇಲೆ ತಂತಿ ಹುಳದೊಳಗಿನ ಸರ್ಕ್ಯೂಟ್ ಬೋರ್ಡಿಗೆ ಸೇರುವ ಬೆಸುಗೆಗಳ ಮೇಲೆ. ನಮ್ಮದರಲ್ಲಿ ಬ್ಯಾಟರಿ ಬದಿಗೆ 3.6, ಬೋರ್ಡಿನ ಬದಿಗೆ 3.2 ಬಂತು. ಬ್ಯಾಟರಿ ಗಟ್ಟಿಯಾಗಿದೆ, ಪ್ಲಗ್ಗಿನಲ್ಲಿ ಸೋರುತ್ತಿದೆ ಎಂದಾಯಿತು. ಪ್ಲಗ್ಗಿನ ಒಳತಗಡುಗಳನ್ನು ಸೂಜಿಯಿಂದ ತುಸು ಒಳಕ್ಕೆ ಬಾಗಿಸಿ ಬಿಗಿಮಾಡಿ, ಕೆರೆದು ಧೂಳು ತೆಗೆದ ಮೇಲೆ ವ್ಯತ್ಯಾಸ 0.1ಕ್ಕಿಂತ ಕೆಳಗಿಳಿಯಿತು. ಒಂದು ವೇಳೆ ಬ್ಯಾಟರಿ ಬದಿಯಲ್ಲಿಯೇ ಕ್ಷಣದಲ್ಲಿ 3.2ಕ್ಕೆ ಕುಸಿದಿದ್ದರೆ ಕೋಶ ಮುಪ್ಪಾಗಿದೆ, ಬದಲಿಸುವುದೊಂದೇ ದಾರಿ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಚ್ಚಲೇಬಾರದು, ಚುಚ್ಚಲೂ ಬಾರದು. ಉಸುಕು ತುಂಬಿದ ಮಡಕೆಯಲ್ಲಿಟ್ಟು ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ಹಾರಿಸಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕದೆ ಆರಲು ಬಿಡಿ, ರಾತ್ರಿಯಿಡೀ ಚಾರ್ಜಿಗೆ ಬಿಟ್ಟು ಮಲಗಬೇಡಿ.

ವೋಲ್ಟೇಜ್ ಸರಿಯಿದ್ದೂ ಬಡಿತ ಮಂದವಾಗಿದ್ದರೆ ಹಲ್ಲುಗಾಲಿಗಳ ಕಡೆ ಕಿವಿಗೊಡಿ. ಟಕ್ ಟಕ್ ಎಂದು ನಡುನಡುವೆ ತಪ್ಪಿದರೆ ಒಂದು ಹಲ್ಲು ಮುರಿದಿದೆ. ಮೋಟಾರ್ ಜೋರಾಗಿ ಕೂಗಿಯೂ ರೆಕ್ಕೆ ಅಲುಗದಿದ್ದರೆ ಮೋಟಾರಿನ ದಂಡದ ಮೇಲಿನ ಪುಟ್ಟ ಗಾಲಿ ಸೀಳಿ ಜಾರುತ್ತಿದೆ. ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ನಮ್ಮ ಓಣಿಯಲ್ಲಿ ಒಬ್ಬರು ಗಾಲಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹೀಗಾಗಿ ಮಧ್ಯಾಹ್ನ ಚುರುಕಾಗಿದ್ದ ಹುಳ ಚಳಿಯ ಬೆಳಗಿನಲ್ಲಿ ರೆಕ್ಕೆಯನ್ನೇ ಎತ್ತುತ್ತಿರಲಿಲ್ಲ. ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ನಿಂತಷ್ಟೇ ತೆಗೆದುಕೊಂಡು ಲೋಹದ ದಂಡಕ್ಕೆ ಮಾತ್ರ ಮುಟ್ಟಿಸಬೇಕು.

ತೂಕದ ಸಮತೋಲ ತಪ್ಪಿದ್ದರೆ ಮೊದಲು ಹೇಳಿದ ತೇಲಿಸುವ ಪರೀಕ್ಷೆಯಲ್ಲಿಯೇ ಗೊತ್ತಾಗುತ್ತದೆ. ಮೂಗಡಿಯಾಗಿ ಬಿದ್ದರೆ ಬ್ಯಾಟರಿಯನ್ನು ಎರಡು ಮಿಲಿಮೀಟರ್ ಹಿಂದೆ ಸರಿಸಿ. ತಲೆಯೆತ್ತಿ ನಿಂತು ಬಾಲಕ್ಕೆ ಜಾರಿದರೆ ಅಷ್ಟೇ ಮುಂದೆ ಸರಿಸಿ.

ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಊರ ಹೊರಗೆ ಜೋಳ ಕೊಯ್ದು ಬರಿದಾಗಿದ್ದ ಹೊಲದಲ್ಲಿ, ಊದಿನಕಡ್ಡಿಯ ಹೊಗೆ ನೆಟ್ಟಗೆ ಏರುತ್ತಿದ್ದಾಗ ಹುಡುಗ ಚಿಟ್ಟೆಯನ್ನು ಬಿಟ್ಟ. ಬೇವಿನ ಗಿಡದ ಅರ್ಧದೆತ್ತರಕ್ಕೆ ಏರಿ, ಎರಡು ದೊಡ್ಡ ಸುತ್ತು ಹಾಕಿ, ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ಕೂಳೆಗಳ ನಡುವೆ ಇಳಿಯಿತು. ಎಡಕ್ಕೆ ತುಸು ಎಳೆಯುತ್ತಿದೆ ಎಂದು ಅವನೇ ಗುರುತಿಸಿ, ಟ್ರಿಮ್ ಗುಂಡಿಯನ್ನು ಬಲಕ್ಕೆ ಎರಡು ಸಲ ಒತ್ತಿ, ಬ್ಯಾಟರಿ ಆರಲೆಂದು ಹುಳವನ್ನು ನೆರಳಿನಲ್ಲಿಟ್ಟ.